ಲೋಗೋಗೆ ಗ್ರೇಡಿಯಂಟ್ ಬೇಕೇ, ಫ್ಲಾಟ್ ಬಣ್ಣ ಸಾಕೇ? ಮುಂಬಯಿಯ ನಮ್ಮ ಹೋಟೆಲು, ಅಂಗಡಿ, ಸಂಘಗಳಿಗಾಗಿ

ಮುಂಬಯಿಯಲ್ಲಿ ಹೊಸದಾಗಿ ಹೋಟೆಲೋ ಕೇಟರಿಂಗೋ ಶುರು ಮಾಡುವ ನಮ್ಮವರು ಡಿಸೈನರ್ ಹತ್ತಿರ ಹೋದಾಗ ಮೊದಲು ಕೇಳುವುದು ಬಹುತೇಕ ಇದನ್ನೇ: "ಇನ್‌ಸ್ಟಾಗ್ರಾಮ್ ತರ ಕಲರ್ ಮಿಕ್ಸ್ ಆಗಿ ಬರ್ಲಿ." ಆಸೆಯಲ್ಲಿ ತಪ್ಪೇನಿಲ್ಲ. ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ಕರಗುವುದು, ಅಂದರೆ ಗ್ರೇಡಿಯಂಟ್, ನೋಡಲು ಚೆನ್ನ. ಆದರೆ ಇನ್‌ಸ್ಟಾಗ್ರಾಮ್ ಲೋಗೋ ಇರುವುದು ಫೋನಿನ ಪರದೆಯ ಮೇಲೆ. ಮಾಟುಂಗದ ಹೋಟೆಲಿನ ಲೋಗೋ ಇರಬೇಕಾದದ್ದು ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ಪಾರ್ಸೆಲ್ ಚೀಲದ ಮೇಲೆ, ವೇಟರ್ ಅಂಗಿಯ ಜೇಬಿನ ಮೇಲೆ.

ಹಾಗಾಗಿ ಗ್ರೇಡಿಯಂಟ್ ಬೇಕೋ ಬೇಡವೋ ಅನ್ನುವುದನ್ನು ಡಿಸೈನರ್ ಲ್ಯಾಪ್‌ಟಾಪ್ ನೋಡಿ ತೀರ್ಮಾನಿಸಬೇಡಿ. ನಿಮ್ಮ ಲೋಗೋ ಹೋಗಿ ಕೂರುವ ಜಾಗಗಳಲ್ಲಿ ಎಲ್ಲಕ್ಕಿಂತ ಬಡ ಜಾಗ ಯಾವುದು ಅಂತ ಮೊದಲು ಹುಡುಕಿ. ಥರ್ಮಲ್ ಬಿಲ್ಲೋ, ರಬ್ಬರ್ ಸ್ಟ್ಯಾಂಪೋ, ಸಂಘದ ಸ್ಮರಣ ಸಂಚಿಕೆಯ ಕಪ್ಪು-ಬಿಳುಪು ಪುಟವೋ. ಅಲ್ಲಿ ನಿಲ್ಲುವ ಲೋಗೋ ಎಲ್ಲ ಕಡೆಯೂ ನಿಲ್ಲುತ್ತದೆ. ಕೆಳಗಿನ ಹೋಲಿಕೆಯೆಲ್ಲ ಈ ಲೆಕ್ಕದ ಮೇಲೆಯೇ ನಡೆಯುತ್ತದೆ.

ಯಾವ ಯಾವ ದಾರಿಗಳಿವೆ

ಮೊದಲನೆಯದು ಫ್ಲಾಟ್. ಆಕಾರದ ತುಂಬ ಒಂದೇ ಬಣ್ಣ. ಸ್ಟೇಟ್ ಬ್ಯಾಂಕಿನ ನೀಲಿ ವೃತ್ತ, ಅದರೊಳಗಿನ ಸೀಳು ಎಲ್ಲರಿಗೂ ಗೊತ್ತು. 1971ರಿಂದ ಅದೇ ಆಕಾರ. ಪಾಸ್‌ಬುಕ್ಕಿನ ಮೇಲೂ ಎಟಿಎಂ ಬೋರ್ಡಿನ ಮೇಲೂ ಒಂದೇ ನೋಟಕ್ಕೆ ಗುರುತು ಸಿಗುತ್ತದೆ. ಕೆನರಾ ಬ್ಯಾಂಕಿನ ತ್ರಿಕೋನಗಳಲ್ಲಿ ನೀಲಿಯೂ ಇದೆ, ಹಳದಿಯೂ ಇದೆ. ಆದರೆ ಅವು ಒಂದರೊಳಗೊಂದು ಕರಗುವುದಿಲ್ಲ, ಪಕ್ಕಪಕ್ಕ ನಿಲ್ಲುತ್ತವೆ. ಅದೂ ಫ್ಲಾಟೇ.

ಎರಡನೆಯದು ಲೀನಿಯರ್ ಗ್ರೇಡಿಯಂಟ್. ಬಣ್ಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೇರ ಸಾಗುತ್ತದೆ. ಎಡದಿಂದ ಬಲಕ್ಕೋ, ಮೇಲಿಂದ ಕೆಳಕ್ಕೋ, ಓರೆಯಾಗಿಯೋ. ಗ್ರೇಡಿಯಂಟ್ ಹಾಕಲೇಬೇಕು ಅಂದರೆ ನಾನು ಮೊದಲು ಕೈ ಹಾಕುವುದು ಇದಕ್ಕೇ. ಹತೋಟಿಯಲ್ಲಿ ಇರುತ್ತದೆ, ಯಾವ ಸಾಫ್ಟ್‌ವೇರಿನಲ್ಲಿ ತೆರೆದರೂ ಹಾಗೇ ಬರುತ್ತದೆ.

ರೇಡಿಯಲ್ ಗ್ರೇಡಿಯಂಟ್‌ನಲ್ಲಿ ಬಣ್ಣ ನಡುವಿನಿಂದ ಸುತ್ತಲೂ ಹರಡುತ್ತದೆ. ಸೂರ್ಯ, ದೀಪ, ಕುಂಕುಮದ ಬೊಟ್ಟು ಇಂಥ ಗುಂಡಗಿನ ಆಕಾರಕ್ಕೆ ಒಪ್ಪುತ್ತದೆ. ಉಳಿದ ಕಡೆ ಹಾಕಿದರೆ ಹಳೆಯ ವೆಬ್‌ಸೈಟುಗಳ ಹೊಳೆಯುವ ಬಟನ್ ಥರ ಕಾಣುವ ಅಪಾಯ ಜಾಸ್ತಿ.

ಮೆಶ್ ಅಥವಾ ಫ್ರೀಫಾರ್ಮ್ ಅನ್ನುವುದು ಇನ್ನೊಂದು. ಬಣ್ಣಗಳು ಎಲ್ಲೆಂದರಲ್ಲಿ, ಯಾವ ದಿಕ್ಕಿಗೂ ಕಟ್ಟುಬೀಳದೆ ಬೆರೆಯುತ್ತವೆ. ಪರದೆಯಲ್ಲಿ ಕಣ್ಣು ಕುಕ್ಕುವಷ್ಟು ಚೆಂದ. ತೊಂದರೆ ಬರುವುದು ಫೈಲಿನಲ್ಲಿ. ಎಷ್ಟು ಹಿಗ್ಗಿಸಿದರೂ ಮಸುಕಾಗದ ಎಸ್‌ವಿಜಿ ಅನ್ನುವ ಫೈಲು ಲೀನಿಯರ್ ಮತ್ತು ರೇಡಿಯಲ್ ಎರಡನ್ನು ನೇರವಾಗಿ ಹಿಡಿದಿಡುತ್ತದೆ. ಮೆಶ್ ಅನ್ನು ಬ್ರೌಸರುಗಳು ಓದುವುದಿಲ್ಲ. ಆದ್ದರಿಂದ ಎಕ್ಸ್‌ಪೋರ್ಟ್ ಮಾಡುವಾಗ ಅದು ಸಾಮಾನ್ಯವಾಗಿ ಫೋಟೋದಂತೆ ಪಿಕ್ಸೆಲ್ ಚಿತ್ರವಾಗಿಬಿಡುತ್ತದೆ. ಚಿಕ್ಕದಾಗಿ ಉಳಿಸಿದ ಆ ಚಿತ್ರವನ್ನೇ ಬೋರ್ಡಿನವನು ಹತ್ತು ಅಡಿಗೆ ಹಿಗ್ಗಿಸಿದಾಗ ಅಂಚುಗಳೆಲ್ಲ ಮಸುಕು.

ಕೊನೆಯದು ಪಟ್ಟಿಗಳು. ಇದನ್ನು ಯಾರೂ ಕೇಳಿ ಪಡೆಯುವುದಿಲ್ಲ, ಆದರೆ ನಮ್ಮಂಥ ಸಣ್ಣ ವ್ಯಾಪಾರಕ್ಕೆ ಬಹಳ ಉಪಯೋಗದ ದಾರಿ. ಬಣ್ಣಗಳು ಕರಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತವೆ. ಆಪಲ್ ಕಂಪನಿಗೆ 1977ರಲ್ಲಿ ರಾಬ್ ಜಾನಾಫ್ ಮಾಡಿಕೊಟ್ಟ ಸೇಬಿನಲ್ಲಿ ಆರು ಬಣ್ಣದ ಅಡ್ಡ ಪಟ್ಟಿಗಳಿದ್ದವು. ಕಣ್ಣಿಗೆ ಕಾಮನಬಿಲ್ಲು, ಪ್ರೆಸ್ಸಿನವನಿಗೆ ಆರು ಬಿಡಿ ಬಣ್ಣ. 1998ರ ಹೊತ್ತಿಗೆ ಆಪಲ್ ಅದನ್ನು ಬಿಟ್ಟು ಒಂದೇ ಬಣ್ಣಕ್ಕೆ ಬಂತು. ಸೇಬಿನ ಆಕಾರ ಗಟ್ಟಿಯಾಗಿದ್ದುದರಿಂದ ಬಣ್ಣ ಹೋದರೂ ಗುರುತು ಹೋಗಲಿಲ್ಲ. ಮಾಸ್ಟರ್‌ಕಾರ್ಡ್ ಕೂಡ ಇದೇ ಜಾತಿ. 2016ರಲ್ಲಿ ಬಂದ ಅದರ ಲೋಗೋದಲ್ಲಿ ಕೆಂಪು ವೃತ್ತ, ಹಳದಿ ವೃತ್ತ, ಎರಡೂ ಸೇರುವ ಜಾಗದಲ್ಲಿ ಕಿತ್ತಳೆ. ಮೂರೂ ಫ್ಲಾಟ್. ಆದರೂ ನೋಡುವವರಿಗೆ ಬಣ್ಣ ಬೆರೆತ ಭಾವನೆ ಬರುತ್ತದೆ. ಗ್ರೇಡಿಯಂಟ್ ಕೊಡುವ ಖುಷಿಯಲ್ಲಿ ಮುಕ್ಕಾಲು ಪಾಲು ಇಲ್ಲೇ ಸಿಗುತ್ತದೆ, ಅದರ ತಲೆನೋವು ಒಂದೂ ಇಲ್ಲ.

ದೊಡ್ಡ ಕಂಪನಿಗಳು ಮಾಡಿದ್ದನ್ನು ನಾವೂ ಮಾಡಬಹುದಾ?

ಇನ್‌ಸ್ಟಾಗ್ರಾಮ್ 2016ರ ಮೇ ತಿಂಗಳಲ್ಲಿ ಹಳೆಯ ಕಂದು ಕ್ಯಾಮೆರಾ ಚಿತ್ರ ಬಿಟ್ಟು ಹಳದಿ, ಗುಲಾಬಿ, ನೇರಳೆ ಬೆರೆತ ಗ್ರೇಡಿಯಂಟ್‌ಗೆ ಬಂತು. ಗೂಗಲ್ 2015ರಲ್ಲಿ ತನ್ನ 'ಜಿ' ಅಕ್ಷರವನ್ನು ನಾಲ್ಕು ಬಿಡಿ ಬಣ್ಣಗಳ ತುಂಡು ಮಾಡಿತ್ತು. 2025ರಲ್ಲಿ ಅದೇ ನಾಲ್ಕು ಬಣ್ಣಗಳು ಒಂದರೊಳಗೊಂದು ಕರಗುವಂತೆ ಬದಲಿಸಿತು. ಫೈರ್‌ಫಾಕ್ಸ್ ನರಿಯ ಬಾಲದಲ್ಲೂ ಗ್ರೇಡಿಯಂಟ್ ಇದೆ. ಇವೆಲ್ಲ ಹುಟ್ಟಿ ಬೆಳೆದದ್ದು ಪರದೆಯ ಮೇಲೆ. ಇವಕ್ಕೆ ಸ್ಟೀಲ್ ಲೋಟದ ಮೇಲೆ ಹೆಸರು ಕೆತ್ತಿಸುವ ಅಗತ್ಯ ಇಲ್ಲ.

ಇನ್ನೊಂದು ಸಂಗತಿ ಗಮನಿಸಿ. ಇನ್‌ಸ್ಟಾಗ್ರಾಮ್ ಲೋಗೋದಲ್ಲಿ ಗ್ರೇಡಿಯಂಟ್ ಇರುವುದು ಹಿನ್ನೆಲೆಯಲ್ಲಿ. ಕ್ಯಾಮೆರಾ ಗುರುತು ಮಾತ್ರ ಬಿಳಿ ಗೆರೆ. ಅಂಗಡಿಗಳ ಗಾಜಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೂಲೆಯಲ್ಲಿ ಅದೇ ಗುರುತು ಬರೀ ಕಪ್ಪಿನಲ್ಲೂ ಕಾಣುತ್ತದೆ, ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಅವರಿಂದ ಕಲಿಯಬೇಕಾದದ್ದು ಯಾವ ಯಾವ ಬಣ್ಣ ಅನ್ನುವುದಲ್ಲ, ಈ ಏರ್ಪಾಡು.

ನಡುವೆ ಹುಟ್ಟುವ ಬಣ್ಣ

ಗ್ರೇಡಿಯಂಟ್ ಅಂದಾಗ ಎಲ್ಲರೂ ಎರಡು ತುದಿಗಳ ಬಣ್ಣ ಆರಿಸುತ್ತಾರೆ. ಲೋಗೋ ಕೆಡುವುದು ಮಾತ್ರ ಯಾರೂ ಆರಿಸದ ನಡುವಿನ ಬಣ್ಣದಲ್ಲಿ.

ಲೆಕ್ಕ ಹಾಕಿ ನೋಡಿ. ಪರದೆ ಪ್ರತಿ ಬಣ್ಣವನ್ನೂ ಕೆಂಪು, ಹಸಿರು, ನೀಲಿ ಬೆಳಕು ಬೆರೆಸಿ ಮಾಡುತ್ತದೆ, ಒಂದೊಂದಕ್ಕೂ 0ಯಿಂದ 255ರವರೆಗೆ ಅಂಕಿ. ಅಚ್ಚ ನೀಲಿ ಅಂದರೆ ಕೆಂಪು 0, ಹಸಿರು 0, ನೀಲಿ 255. ಅಚ್ಚ ಹಳದಿ ಅಂದರೆ 255, 255, 0. ಇವೆರಡರ ಸರಿ ನಡುವೆ ಬರುವುದು 128, 128, 128. ಅದು ಬೂದು! ಕೇಸರಿಗೂ ಸಮುದ್ರದ ನೀಲಿಗೂ ಹೀಗೇ ಆಗುತ್ತದೆ, ನಡುವೆ ಮಣ್ಣು ಮೆತ್ತಿದ ಹಾಗೆ ಒಂದು ಪಟ್ಟಿ. ಕೆಂಪಿನಿಂದ ಹಸಿರಿಗೆ ಹೋದರೆ ನಡುವೆ ಕೊಳೆತ ಎಲೆಯ ಬಣ್ಣ. ತಿಂಡಿಯ ಅಂಗಡಿಗೆ ಇದು ಬೇಡವೇ ಬೇಡ.

ಪಾರಾಗಲು ಎರಡು ದಾರಿ ಇವೆ. ಒಂದು, ಬಣ್ಣಚಕ್ರದಲ್ಲಿ ಅಕ್ಕಪಕ್ಕ ಇರುವ ಬಣ್ಣಗಳನ್ನೇ ಆರಿಸುವುದು. ಕುಂಕುಮದ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಅರಿಸಿನಕ್ಕೆ. ಹಸಿರಿನಿಂದ ನೀಲಿ ಬೆರೆತ ಹಸಿರಿಗೆ. ಹತ್ತಿರದ ಬಣ್ಣಗಳ ನಡುವೆ ಕೆಸರು ಹುಟ್ಟುವುದಿಲ್ಲ. ಎರಡು, ದೂರದ ಬಣ್ಣಗಳೇ ಬೇಕು ಅಂದರೆ ನಡುವೆ ಮೂರನೆಯ ಬಣ್ಣವನ್ನು ಕೈಯಾರೆ ಇಡುವುದು. ಸಾಫ್ಟ್‌ವೇರಿನಲ್ಲಿ ಇದಕ್ಕೆ ಕಲರ್ ಸ್ಟಾಪ್ ಅನ್ನುತ್ತಾರೆ. ನೀಲಿಯಿಂದ ಹಳದಿಗೆ ಹೋಗುವಾಗ ನಡುವೆ ಗುಲಾಬಿ ಇಟ್ಟರೆ ಸಂಜೆಯ ಆಕಾಶ ಬರುತ್ತದೆ, ಹಸಿರು ಇಟ್ಟರೆ ಬೇರೆಯೇ ಒಂದು ತಂಪು. ಯಾವುದು ಬೇಕು ಅಂತ ನೀವು ಹೇಳಬೇಕು, ಕಂಪ್ಯೂಟರ್ ಹೇಳಬಾರದು. 2020ರ ಕೊನೆಗೆ ಬ್ಯೋರ್ನ್ ಒಟ್ಟೊಸನ್ ಎಂಬುವವರು ಓಕೆಲ್ಯಾಬ್ ಅನ್ನುವ ಹೊಸ ಲೆಕ್ಕವನ್ನು ಹೊರತಂದರು. ಮನುಷ್ಯರ ಕಣ್ಣಿಗೆ ಬಣ್ಣ ಎಷ್ಟು ಬೆಳಕಾಗಿ ಕಾಣುತ್ತದೆ ಅನ್ನುವುದನ್ನು ಹಿಡಿದು ಅದು ಬಣ್ಣಗಳನ್ನು ಬೆರೆಸುತ್ತದೆ. ವೆಬ್‌ಸೈಟಿನಲ್ಲಿ ಹಾಕುವ ಗ್ರೇಡಿಯಂಟ್‌ಗೆ ಇದು ತುಂಬ ಒಳ್ಳೆಯದು. ಆದರೆ ಪ್ರೆಸ್ಸಿಗೆ ಕೊಡುವ ಫೈಲಿನಲ್ಲಿ ಈಗಲೂ ಮಧ್ಯದ ಬಣ್ಣವನ್ನು ಕೈಯಿಂದ ಇಡುವುದೇ ಭದ್ರ.

ಇದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ. ಬಣ್ಣ ಬೇರೆ, ಬೆಳಕು ಬೇರೆ. 255, 0, 0 ಅನ್ನುವ ಕೆಂಪು ಮತ್ತು 0, 128, 0 ಅನ್ನುವ ಹಸಿರು ಪರದೆಯಲ್ಲಿ ಅಜಗಜಾಂತರ. ಇವನ್ನು ಕಪ್ಪು-ಬಿಳುಪಿಗೆ ಬದಲಿಸುವ ಹಳೆಯ ಲೆಕ್ಕದಲ್ಲಿ ಕೆಂಪಿಗೆ ಬರುವ ಬೂದು 76, ಹಸಿರಿಗೆ ಬರುವ ಬೂದು 75. ಅಂದರೆ ನೀವು ದುಡ್ಡು ಕೊಟ್ಟು ಮಾಡಿಸಿದ ಗ್ರೇಡಿಯಂಟ್ ಸ್ಮರಣ ಸಂಚಿಕೆಯ ಒಳಪುಟದ ಜಾಹೀರಾತಿನಲ್ಲಿ ಒಂದೇ ಬೂದು ಮುದ್ದೆ. ಮುಂಬಯಿಯ ನಮ್ಮ ಸಂಘಗಳ ಸಂಚಿಕೆಗಳಿಗೆ ಜಾಹೀರಾತು ಕೊಡದ ಹೋಟೆಲಿನವರು ಯಾರಿದ್ದಾರೆ? ಆದ್ದರಿಂದ ಒಂದು ತುದಿ ಗಾಢ, ಇನ್ನೊಂದು ತುದಿ ತಿಳಿ ಇರಲಿ. ಕೆಂಪು-ಹಸಿರು ಬೇರೆ ಮಾಡಿ ನೋಡಲಾಗದ ಕಣ್ಣಿನವರಿಗೂ ಇದರಿಂದಲೇ ಲೋಗೋ ಕಾಣುತ್ತದೆ.

ಗ್ರೇಡಿಯಂಟ್ ಮೇಲೆ ಬಿಳಿ ಗುರುತು ಇಡುವವರಿಗೂ ಇದೇ ಮಾತು. ಬಿಳಿಗೂ ಅಚ್ಚ ಕೆಂಪಿಗೂ ನಡುವಿನ ಕಾಂಟ್ರಾಸ್ಟ್, ಅಂದರೆ ಬೆಳಕಿನ ಅಂತರ, ಸುಮಾರು 4:1. ಬಿಳಿಗೂ ಅಚ್ಚ ಹಳದಿಗೂ ನಡುವೆ ಬರೀ 1.07:1. ಕೆಂಪಿನಿಂದ ಹಳದಿಗೆ ಹೋಗುವ ಹಿನ್ನೆಲೆಯ ಮೇಲೆ ಬಿಳಿ ಕಾಫಿ ಲೋಟ ಇಟ್ಟರೆ ಅರ್ಧ ಲೋಟ ಮಾಯ. ವೆಬ್‌ಸೈಟು ಎಲ್ಲರ ಕಣ್ಣಿಗೂ ಕಾಣಲಿ ಅಂತ ಮಾಡಿದ ಡಬ್ಲ್ಯುಸಿಎಜಿ ನಿಯಮಗಳು ಚಿತ್ರಗುರುತುಗಳಿಗೆ ಕನಿಷ್ಠ 3:1 ಕೇಳುತ್ತವೆ. ಲೋಗೋಗಳಿಗೆ ಅದರಿಂದ ವಿನಾಯಿತಿ ಇದೆ ನಿಜ, ಆದರೆ ಗಿರಾಕಿಯ ಕಣ್ಣಿಗೆ ವಿನಾಯಿತಿ ಇಲ್ಲವಲ್ಲ! ಅಳೆಯುವುದು ಯಾವಾಗಲೂ ತಿಳಿಯಾದ ತುದಿಯಲ್ಲಿ.

ಪರದೆಯಿಂದ ಇಳಿದ ಮೇಲೆ

ಈಗ ಪ್ರೆಸ್ಸಿಗೆ ಬರೋಣ. ಹೋಲಿಕೆ ನಿಜವಾಗಿ ತೀರ್ಮಾನ ಆಗುವುದು ಇಲ್ಲಿ.

ಆಫ್‌ಸೆಟ್ ಪ್ರೆಸ್ಸಿನಲ್ಲಿ ತಿಳಿ ಬಣ್ಣ ಅನ್ನುವುದೇ ಇಲ್ಲ. ನಾಲ್ಕು ಶಾಯಿಗಳು, ಅವುಗಳ ಸಣ್ಣ ದೊಡ್ಡ ಚುಕ್ಕೆಗಳು, ಅಷ್ಟೇ. ಒಳ್ಳೆಯ ಆರ್ಟ್ ಪೇಪರಿನ ಮೇಲೆ ಸಾಮಾನ್ಯವಾಗಿ ಇಂಚಿಗೆ 150ರಿಂದ 175 ಸಾಲು ಚುಕ್ಕೆ ಬೀಳುತ್ತವೆ. ಗ್ರೇಡಿಯಂಟ್ ನುಣುಪಾಗಿ ಬರುತ್ತದೆ. ಪತ್ರಿಕೆಯ ಕಾಗದದಲ್ಲಿ ಅದು 100ರ ಆಸುಪಾಸು, ಮೇಲೆ ಶಾಯಿ ಹರಡಿಕೊಳ್ಳುತ್ತದೆ. ತಿಳಿ ಭಾಗ ಗಾಢವಾಗುತ್ತದೆ, ಗಾಢ ಭಾಗ ಕಟ್ಟಿಕೊಳ್ಳುತ್ತದೆ. ಪರದೆಯ ಹೊಳೆಯುವ ನೀಲಿ, ನಿಯಾನ್ ಹಸಿರು, ಉರಿಯುವ ಕಿತ್ತಳೆ ಈ ನಾಲ್ಕು ಶಾಯಿಗಳಲ್ಲಿ ಹುಟ್ಟುವುದೇ ಇಲ್ಲ. ನೀಲಿ-ನೇರಳೆ ಗ್ರೇಡಿಯಂಟ್ ಫೋನಿನಲ್ಲಿ ಎಷ್ಟು ಮಿಂಚುತ್ತದೋ ಕಾಗದದಲ್ಲಿ ಅಷ್ಟೇ ಮಂಕು. ಅರಿಸಿನ, ಕೆಂಪು, ಕಂದು ಇಂಥ ಬಣ್ಣಗಳು ಅಷ್ಟೊಂದು ಮೋಸ ಮಾಡುವುದಿಲ್ಲ. ನಮ್ಮ ಹೋಟೆಲುಗಳ ಬಣ್ಣ ಹೇಗೂ ಅವೇ ಆಗಿರುವುದು ಒಳ್ಳೆಯದೇ ಆಯಿತು.

ಬಣ್ಣವನ್ನು ಬಿಳಿಗೆ ಕರಗಿಸಿ ಕಾಣದಂತೆ ಮಾಡುವ ಆಸೆ ಕೆಲವರಿಗೆ. ಪ್ಲಾಸ್ಟಿಕ್ ಪ್ಯಾಕೆಟ್ಟುಗಳ ಮೇಲಿನ ಫ್ಲೆಕ್ಸೋ ಅಚ್ಚಿನಲ್ಲಿ, ಅಂದರೆ ರಬ್ಬರಿನಂಥ ಮೆತ್ತನೆಯ ಪ್ಲೇಟಿನಿಂದ ಒತ್ತುವ ಅಚ್ಚಿನಲ್ಲಿ, ಇದು ಕೈಕೊಡುತ್ತದೆ. ಅತಿ ಸಣ್ಣ ಚುಕ್ಕೆಗಳು ಪ್ಲೇಟಿನ ಮೇಲೆ ನಿಲ್ಲುವುದಿಲ್ಲ. ಹಾಗಾಗಿ ಮೆಲ್ಲಗೆ ಮರೆಯಾಗಬೇಕಾದ ಬಣ್ಣ ಒಂದು ಕಡೆ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಚಿಪ್ಸ್, ಚಕ್ಕುಲಿ, ಸಾರಿನ ಪುಡಿ ಪ್ಯಾಕ್ ಮಾಡಿ ಮಾರುವವರು ಬಿಳಿಗೆ ಕರಗುವ ಗ್ರೇಡಿಯಂಟ್ ಬಿಟ್ಟೇಬಿಡಿ. ಗಾಢ ಕೆಂಪಿನಿಂದ ಕಿತ್ತಳೆಯವರೆಗೆ ಹೋಗಿ ನಿಲ್ಲಿಸಿದರೆ ಈ ಪೀಡೆ ಇಲ್ಲ.

ಪಾರ್ಸೆಲ್‌ಗೆ ಕೊಡುವ ಬಟ್ಟೆಯಂಥ ನಾನ್-ವೋವನ್ ಚೀಲಗಳ ಮೇಲೆ ಸ್ಕ್ರೀನ್ ಪ್ರಿಂಟಿಂಗ್. ಅಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್, ಒಂದೊಂದು ಖರ್ಚು. ಗ್ರೇಡಿಯಂಟ್ ಬೇಕೆಂದರೆ ಚುಕ್ಕೆ ಮಾಡಿ ಹೊಡೆಯಬೇಕು. ಒರಟು ಬಟ್ಟೆಯ ಮೇಲೆ ಆ ಚುಕ್ಕೆಗಳು ಧೂಳು ಕೂತ ಹಾಗೆ ಕಾಣುತ್ತವೆ. ಸಮವಸ್ತ್ರದ ಜೇಬಿನ ಮೇಲೆ ಎಂಬ್ರಾಯಿಡರಿ ಮಾಡಿಸಿದರೆ ಇನ್ನೂ ಕಷ್ಟ. ದಾರದ ಬಣ್ಣ ಮೆಲ್ಲಗೆ ಬದಲಾಗುವುದಿಲ್ಲ. ಎರಡು ದಾರಗಳನ್ನು ಹೆಣೆದು ಶೇಡ್ ತರುವ ಕೌಶಲ ಇದೆ, ಆದರೆ ಮೂರು ಇಂಚಿನ ಲೋಗೋದಲ್ಲಿ ಅದಕ್ಕೆ ಜಾಗ ಸಾಲದು. ಪಟ್ಟಿಗಳ ಲೋಗೋ ಇಲ್ಲಿ ಸಲೀಸಾಗಿ ಗೆಲ್ಲುತ್ತದೆ.

ಇನ್ನು ಬಿಲ್ಲು. ಕೌಂಟರಿನ ಥರ್ಮಲ್ ಪ್ರಿಂಟರುಗಳು ಹೆಚ್ಚಾಗಿ ಇಂಚಿಗೆ 203 ಚುಕ್ಕೆಯವು. ಕಪ್ಪು ಬಿಟ್ಟರೆ ಇನ್ನೊಂದು ಬಣ್ಣ ಗೊತ್ತಿಲ್ಲ. ಗ್ರೇಡಿಯಂಟ್ ಇರುವ ಲೋಗೋವನ್ನು ಹಾಗೇ ಅದಕ್ಕೆ ಹಾಕಿದರೆ ಗಾಢ ಭಾಗ ಕಪ್ಪು ಮುದ್ದೆ, ತಿಳಿ ಭಾಗ ಅಲ್ಲೊಂದು ಇಲ್ಲೊಂದು ಚುಕ್ಕೆ. ಇಲ್ಲಿಗೆ ಬರೀ ಕಪ್ಪಿನ ಲೋಗೋವನ್ನು ಬೇರೆಯಾಗಿ ಮಾಡಿಸಿಯೇ ಇಟ್ಟುಕೊಳ್ಳಬೇಕು. ಸುಮ್ನೆ ಬಣ್ಣದ್ದನ್ನೇ ಗ್ರೇಸ್ಕೇಲ್ ಮಾಡಿ ಕೊಟ್ಟರೆ ಆಗುವುದಿಲ್ಲ.

ಬೋರ್ಡಿನ ವಿಚಾರ ಸ್ವಲ್ಪ ನಿಧಾನವಾಗಿ ಹೇಳಬೇಕು. ಫ್ಲೆಕ್ಸ್ ಅಥವಾ ವಿನೈಲ್ ಪ್ರಿಂಟಿನಲ್ಲಿ ಗ್ರೇಡಿಯಂಟ್ ಮೊದಲ ದಿನ ಬಹಳ ಚೆನ್ನಾಗಿ ಬರುತ್ತದೆ. ಮುಂಬಯಿಯ ಬಿಸಿಲು, ಮಳೆ, ಉಪ್ಪುಗಾಳಿ ಆಮೇಲೆ ಕೆಲಸ ಶುರು ಮಾಡುತ್ತವೆ. ಹಳೆಯ ಪೋಸ್ಟರುಗಳು ಬಿಸಿಲಿಗೆ ನೀಲಿಗಟ್ಟಿರುವುದನ್ನು ನೋಡಿರುತ್ತೀರಿ. ಸಾಮಾನ್ಯವಾಗಿ ಹಳದಿ ಮತ್ತು ಮಜೆಂಟಾ (ಗುಲಾಬಿಗೆಂಪು) ಶಾಯಿ ಮೊದಲು ಹಾರುತ್ತದೆ, ನೀಲಿ ಮತ್ತು ಕಪ್ಪು ಉಳಿಯುತ್ತವೆ. ಫ್ಲಾಟ್ ಲೋಗೋ ಮಾಸಿದರೆ ಇಡೀ ಲೋಗೋ ಒಂದೇ ಸಮ ಮಾಸುತ್ತದೆ. ಗ್ರೇಡಿಯಂಟ್ ಲೋಗೋದಲ್ಲಿ ಅರಿಸಿನದ ತುದಿ ಬೇಗ ಹೋಗಿ ಗಾಢ ತುದಿ ಮಾತ್ರ ಉಳಿದು, ಆಕಾರವೇ ವಾಲಿದ ಹಾಗೆ ಆಗುತ್ತದೆ. ಮೇಲೆ ಯುವಿ ಲ್ಯಾಮಿನೇಶನ್ ಹಾಕಿಸಿದರೆ ಸ್ವಲ್ಪ ತಡೆಯಬಹುದು.

ಒಳಗೆ ಎಲ್‌ಇಡಿ ಇರುವ ಆಕ್ರಿಲಿಕ್ ಅಕ್ಷರಗಳಿಗೆ ಬಣ್ಣದ ವಿನೈಲ್ ಕತ್ತರಿಸಿ ಅಂಟಿಸುತ್ತಾರೆ. ಕತ್ತರಿಸುವ ವಿನೈಲಿಗೆ ಒಂದೇ ಬಣ್ಣ. ಗ್ರೇಡಿಯಂಟ್ ಬೇಕಾದರೆ ಬೆಳಕು ಹಾಯುವ ಫಿಲ್ಮಿನ ಮೇಲೆ ಪ್ರಿಂಟ್ ಮಾಡಿಸಬೇಕು, ಖರ್ಚು ಬೇರೆ. ಅದರ ಮೇಲೆ ಒಳಗಿನ ಎಲ್‌ಇಡಿಗಳು ದೂರ ದೂರ ಇದ್ದರೆ ಅವೇ ತಮ್ಮ ಮಚ್ಚೆಗಳನ್ನು ಮೂಡಿಸಿ, ನೀವು ಕೇಳಿದ ಗ್ರೇಡಿಯಂಟ್‌ಗೂ ಅವುಗಳದಕ್ಕೂ ಜಗಳ. ಫ್ಲೆಕ್ಸ್ ಬರುವ ಮೊದಲು ಬೋರ್ಡು ಬರೆಯುವ ಪೇಂಟರುಗಳು ಬ್ರಶ್ಶಿನಲ್ಲೇ ಎರಡು ಬಣ್ಣ ಬೆರೆಸಿ ಅಕ್ಷರಕ್ಕೆ ಶೇಡ್ ಕೊಡುತ್ತಿದ್ದರು. ಎಷ್ಟು ದೂರದಿಂದ ಜನ ಓದುತ್ತಾರೆ ಅಂತ ರಸ್ತೆಗೆ ಹೋಗಿ ನಿಂತು ನೋಡಿ ಬಂದು ಮುಂದುವರಿಸುತ್ತಿದ್ದರು. ಆ ಅಭ್ಯಾಸವನ್ನು ನಾವು ಬಿಡಬಾರದಿತ್ತು.

ಕನ್ನಡ, ಮರಾಠಿ, ಇಂಗ್ಲಿಷ್: ಮೂರು ಲಿಪಿಯ ಬೋರ್ಡು

ಇಂಗ್ಲಿಷಿನ ಡಿಸೈನ್ ಪಾಠಗಳಲ್ಲಿ ಇದರ ಮಾತೇ ಇರುವುದಿಲ್ಲ, ನಮಗೆ ಮಾತ್ರ ದಿನಾ ಬೇಕು. ಮಹಾರಾಷ್ಟ್ರದಲ್ಲಿ ಅಂಗಡಿಯ ಹೆಸರು ಮರಾಠಿಯಲ್ಲಿ, ದೇವನಾಗರಿಯಲ್ಲಿ ಇರಲೇಬೇಕು. 2022ರ ತಿದ್ದುಪಡಿಯಾದ ಮೇಲೆ ಸಣ್ಣ ಅಂಗಡಿಗಳಿಗೂ ಇದು ಕಡ್ಡಾಯ. ಬೇರೆ ಲಿಪಿಯ ಅಕ್ಷರಗಳಿಗಿಂತ ಮರಾಠಿ ಅಕ್ಷರ ಚಿಕ್ಕದಿರಬಾರದು. ಆದ್ದರಿಂದ ನಮ್ಮ ಬೋರ್ಡಿನಲ್ಲಿ ಕನಿಷ್ಠ ಎರಡು ಲಿಪಿ, ಕನ್ನಡದ ಅಭಿಮಾನ ಇರುವವರಲ್ಲಿ ಮೂರು.

ಈ ಮೂರಕ್ಕೂ ಮೇಲಿಂದ ಕೆಳಕ್ಕೆ ಒಂದೇ ಗ್ರೇಡಿಯಂಟ್ ಹಾಕಿ ನೋಡಿ. ದೇವನಾಗರಿಯಲ್ಲಿ ಮೇಲಿನ ಶಿರೋರೇಖೆ ಪೂರ್ತಿ ಒಂದೇ ಬಣ್ಣ ಹಿಡಿಯುತ್ತದೆ. ಮೇಲ್ತುದಿ ತಿಳಿ ಹಳದಿಯಾಗಿದ್ದರೆ ಅಕ್ಷರಗಳನ್ನು ಕಟ್ಟಿಹಿಡಿಯುವ ಆ ಗೆರೆಯೇ ಮಾಯ. ಕನ್ನಡದಲ್ಲಿ ತಲೆಕಟ್ಟು ಒಂದು ಬಣ್ಣಕ್ಕೆ, ಒತ್ತಕ್ಷರ ಇನ್ನೊಂದು ಬಣ್ಣಕ್ಕೆ ಬೀಳುತ್ತದೆ. 'ಅನ್ನಪೂರ್ಣ' ಅಂತ ಬರೆದರೆ ನಕಾರದ ಒತ್ತು ಕೆಳತುದಿಯ ಬಣ್ಣಕ್ಕೆ ಇಳಿದು, ಬೇರೆ ಏನೋ ತುಂಡು ಅಂಟಿಕೊಂಡ ಹಾಗೆ ಕಾಣುತ್ತದೆ. ಒತ್ತಕ್ಷರ ಇರುವ ಹೆಸರು ಎತ್ತರದಲ್ಲಿ ದೊಡ್ಡದು, ಇಲ್ಲದ ಹೆಸರು ಚಿಕ್ಕದು. ಗ್ರೇಡಿಯಂಟ್ ಇಡೀ ಎತ್ತರಕ್ಕೆ ಹಂಚಿಕೊಳ್ಳುವುದರಿಂದ ಪಕ್ಕದ ಇಂಗ್ಲಿಷ್ ಹೆಸರಿನ ಬಣ್ಣಕ್ಕೂ ಕನ್ನಡದ ಹೆಸರಿನ ಬಣ್ಣಕ್ಕೂ ತಾಳೆ ಆಗುವುದಿಲ್ಲ.

ಅಕ್ಷರಗಳಿಗೆ ಗ್ರೇಡಿಯಂಟ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೂರೂ ಲಿಪಿಗೆ ಒಂದೇ ಗಾಢ ಫ್ಲಾಟ್ ಬಣ್ಣ ಕೊಡಿ. ಗ್ರೇಡಿಯಂಟ್ ಪಕ್ಕದ ಚಿತ್ರಗುರುತಿನಲ್ಲಿ ಮಾತ್ರ ಇರಲಿ. ಅಕ್ಷರಕ್ಕೇ ಬೇಕು ಅಂತ ಹಟ ಇದ್ದರೆ ಎಡದಿಂದ ಬಲಕ್ಕೆ ಹಾಕಿ. ಆಗ ತಲೆಕಟ್ಟು, ಒತ್ತು, ಶಿರೋರೇಖೆ ಎಲ್ಲವೂ ತಮ್ಮ ತಮ್ಮ ಅಕ್ಷರದ ಜೊತೆಯಲ್ಲೇ ಬಣ್ಣ ಬದಲಿಸುತ್ತವೆ.

ಫೋನಿನಲ್ಲಿ

ಪರದೆಯಲ್ಲಿ ಗ್ರೇಡಿಯಂಟ್‌ಗೆ ಅಡ್ಡಿ ಕಡಿಮೆ. ವಾಟ್ಸಾಪ್ ಡಿಪಿಯ ಸಣ್ಣ ವೃತ್ತದಲ್ಲಿ ಎರಡು ಬಣ್ಣದ ಸರಳ ಗ್ರೇಡಿಯಂಟ್ ಎದ್ದು ಕಾಣುತ್ತದೆ. ಆದರೆ ಬ್ರೌಸರ್ ಟ್ಯಾಬಿನ 16 ಪಿಕ್ಸೆಲ್ ಚೌಕದಲ್ಲಿ ನಾಲ್ಕು ಬಣ್ಣ ತುರುಕಿದರೆ ಏನೂ ಗೊತ್ತಾಗುವುದಿಲ್ಲ. ಆ್ಯಪ್ ಮಾಡಿಸುವವರು ಇನ್ನೊಂದನ್ನು ನೆನಪಿಡಿ. ಆಂಡ್ರಾಯ್ಡ್ 13 ಬಂದ ಮೇಲೆ ಬಳಕೆದಾರರು ಬೇಕೆಂದರೆ ಆ್ಯಪ್ ಐಕಾನುಗಳನ್ನು ಫೋನಿನ ಥೀಮ್ ಬಣ್ಣಕ್ಕೆ ತಿರುಗಿಸಬಹುದು. ಐಫೋನಿನಲ್ಲೂ ಐಒಎಸ್ 18ರಿಂದ ಹಾಗೆ ಮಾಡಬಹುದು. ನಿಮ್ಮ ಗ್ರೇಡಿಯಂಟ್ ಅಲ್ಲಿ ಕಾಣುವುದಿಲ್ಲ, ಆಕಾರ ಮಾತ್ರ ಉಳಿಯುತ್ತದೆ. ಪರದೆಯಲ್ಲೂ ಒಂದು ಬಡ ಜಾಗ ಇದ್ದೇ ಇದೆ.

ದೊಡ್ಡ ಪರದೆಯ ಕಷ್ಟ ಬೇರೆ. ಮೈಸೂರು ಅಸೋಸಿಯೇಷನ್ನಿನಲ್ಲೋ ಬಂಟರ ಸಂಘದಲ್ಲೋ ಕಾರ್ಯಕ್ರಮಕ್ಕೆ ಎಲ್‌ಇಡಿ ವಾಲ್ ಹಾಕಿಸಿ ಲೋಗೋ ತೋರಿಸುವಾಗ ಗ್ರೇಡಿಯಂಟ್ ಪಟ್ಟಿ ಪಟ್ಟಿಯಾಗಿ ಒಡೆಯಬಹುದು. ಎರಡು ತುದಿಗಳ ಬಣ್ಣ ತೀರಾ ಹತ್ತಿರವಿದ್ದು, ನಡುವೆ 40 ಹಂತ ಮಾತ್ರ ಇದ್ದರೆ, 2000 ಪಿಕ್ಸೆಲ್ ಅಗಲದಲ್ಲಿ ಒಂದೊಂದು ಹಂತ 50 ಪಿಕ್ಸೆಲ್ ಅಗಲದ ಪಟ್ಟಿಯಾಗುತ್ತದೆ. ಚಿತ್ರಕ್ಕೆ ತೀರಾ ಸಣ್ಣ ಪ್ರಮಾಣದ ನಾಯ್ಸ್, ಅಂದರೆ ಅಡ್ಡಾದಿಡ್ಡಿ ಸಣ್ಣ ಚುಕ್ಕೆಗಳನ್ನು, ಸೇರಿಸಿದರೆ ಇದು ಮರೆಯಾಗುತ್ತದೆ.

ಯಾರಿಗೆ ಯಾವುದು

ಇಡ್ಲಿ-ದೋಸೆಯ ಹೋಟೆಲು, ಕೇಟರಿಂಗ್: ಫ್ಲಾಟ್ ಅಥವಾ ಪಟ್ಟಿ. ನಿಮ್ಮ ಲೋಗೋ ಬಿಲ್ಲು, ಚೀಲ, ಅಂಗಿ, ಲೋಟ ಎಲ್ಲ ಕಡೆ ಹೋಗಬೇಕು. ಬಿಸಿ, ಹಬೆ, ಅರಿಸಿನ, ಕಾಫಿ ಇವುಗಳ ಭಾವ ಬೇಕೆಂದರೆ ಎರಡು ಮೂರು ಫ್ಲಾಟ್ ಬಣ್ಣಗಳ ಪಟ್ಟಿಯಲ್ಲೇ ತರಬಹುದು. ಡೆಲಿವರಿ ಆ್ಯಪಿನ ಚಿತ್ರಕ್ಕೆ, ಇನ್‌ಸ್ಟಾಗ್ರಾಮ್ ಪೋಸ್ಟಿಗೆ ಹಿಂದೆ ಒಂದು ಗ್ರೇಡಿಯಂಟ್ ಹಾಕಿಕೊಳ್ಳಿ, ಲೋಗೋದ ಒಳಗೆ ಬೇಡ.

ಕ್ರೆಡಿಟ್ ಸೊಸೈಟಿ, ಸಹಕಾರಿ ಬ್ಯಾಂಕು, ಲೆಕ್ಕಪರಿಶೋಧಕರ ಕಚೇರಿ: ಫ್ಲಾಟ್. ಇಲ್ಲಿ ಎರಡನೇ ಯೋಚನೆಯೇ ಬೇಡ. ಮೊಹರು ಮತ್ತು ಚೆಕ್ಕಿನ ಕೆಲಸ.

ಯಕ್ಷಗಾನ ಮಂಡಳಿ, ನಾಟಕ ತಂಡ, ನೃತ್ಯ ಶಾಲೆಯವರ ವಿಷಯ ಕೇಳಿದರೆ ನನಗೆ ಗ್ರೇಡಿಯಂಟ್ ಇರಲಿ ಅನ್ನಿಸುತ್ತದೆ. ವೇಷದಲ್ಲಿ, ವೇದಿಕೆಯ ಬೆಳಕಿನಲ್ಲಿ ಬಣ್ಣ ನಿಜವಾಗಿಯೂ ಕರಗುತ್ತದೆ. ಬೆಳಕು ಬಿದ್ದ ಕಡೆ ಕೆಂಪು ಕಿತ್ತಳೆಯಾಗಿ, ನೆರಳಲ್ಲಿ ಮರೂನ್ ಆಗಿ ಕಾಣುತ್ತದೆ. ಆ ಅನುಭವವನ್ನು ಲೋಗೋಗೆ ತರುವುದರಲ್ಲಿ ಅರ್ಥ ಇದೆ. ಇವರ ಲೋಗೋ ಹೆಚ್ಚಾಗಿ ಓಡಾಡುವುದೂ ವಾಟ್ಸಾಪಿನ ಕರಪತ್ರಗಳಲ್ಲಿ, ಯೂಟ್ಯೂಬಿನಲ್ಲಿ. ಕಿರೀಟವೋ ಕೇದಗೆ ಮುಂದಲೆಯೋ, ಅದರ ಹೊರಗೆರೆ ಬರೀ ಕಪ್ಪಿನಲ್ಲಿ ಗಟ್ಟಿಯಾಗಿ ನಿಲ್ಲುವಂತೆ ಮೊದಲು ಬರೆಸಿ. ಆಮೇಲೆ ಅದರೊಳಗೆ ಒಂದೇ ದಿಕ್ಕಿನ ಬೆಳಕು ಬರುವ ಹಾಗೆ ಲೀನಿಯರ್ ಗ್ರೇಡಿಯಂಟ್ ಇಡಿ. ಬೆಳಕು ಮೇಲಿಂದ ಬರುತ್ತದೆ ಅಂತ ನಮ್ಮ ಕಣ್ಣಿಗೆ ಅಭ್ಯಾಸ. ಆದ್ದರಿಂದ ತಿಳಿ ತುದಿ ಮೇಲೆ, ಗಾಢ ತುದಿ ಕೆಳಗೆ. ತುಂಡು ತುಂಡಿಗೆ ಬೇರೆ ಬೇರೆ ದಿಕ್ಕಿನ ಗ್ರೇಡಿಯಂಟ್ ಹಾಕಿದರೆ ಆಕಾರ ಚೆಲ್ಲಾಪಿಲ್ಲಿ.

ಆ್ಯಪ್, ಆನ್‌ಲೈನ್ ಕ್ಲಾಸು, ಯೂಟ್ಯೂಬ್ ಚಾನೆಲ್: ಗ್ರೇಡಿಯಂಟ್ ಧಾರಾಳವಾಗಿ ಇರಲಿ. ಮಸಾಲೆ ಪುಡಿ, ತಿಂಡಿ ಪ್ಯಾಕೆಟ್ಟು: ಲೋಗೋ ಫ್ಲಾಟ್, ಪ್ಯಾಕೆಟ್ಟಿನ ಹಿನ್ನೆಲೆಗೆ ಬೇಕಾದರೆ ಗ್ರೇಡಿಯಂಟ್.

ಡಿಸೈನರ್ ಹತ್ತಿರ ಏನು ಕೇಳಿ ಪಡೆಯಬೇಕು

ಗ್ರೇಡಿಯಂಟ್ ಒಪ್ಪಿಕೊಂಡರೆ ಒಂದು ಲೋಗೋ ಬದಲು ಮೂರನ್ನು ಕೇಳಿ: ಗ್ರೇಡಿಯಂಟ್ ಇರುವುದು, ಫ್ಲಾಟ್ ಬಣ್ಣದ್ದು, ಬರೀ ಕಪ್ಪಿನದು. ಹಣ ಮಾತಾಡುವಾಗಲೇ ಇದನ್ನು ಹೇಳಿ. ಆಮೇಲೆ ಕೇಳಿದರೆ ಬೇರೆ ಕೆಲಸ ಅನ್ನುತ್ತಾರೆ, ಅದು ನ್ಯಾಯವೂ ಹೌದು. ಫೈಲು ಎಸ್‌ವಿಜಿ, ಪಿಡಿಎಫ್, ಪಿಎನ್‌ಜಿ ಮೂರರಲ್ಲೂ ಇರಲಿ. ಜೆಪೆಗ್ ಮಾತ್ರ ಕೊಟ್ಟು ಕಳಿಸಿದರೆ ಒಪ್ಪಬೇಡಿ. ಪ್ರತಿ ಬಣ್ಣದ ಪರದೆಯ ಅಂಕಿ ಮತ್ತು ಪ್ರೆಸ್ಸಿನ ನಾಲ್ಕು ಶಾಯಿಯ ಅಂಕಿ ಎರಡನ್ನೂ ಬರೆಸಿಕೊಳ್ಳಿ. ಗ್ರೇಡಿಯಂಟ್ ಎಷ್ಟು ಡಿಗ್ರಿ ಓರೆ, ನಡುವಿನ ಬಣ್ಣ ಎಷ್ಟನೇ ಶೇಕಡಾದಲ್ಲಿ ಅನ್ನುವುದನ್ನೂ ಬರೆಸಿ. ಇಲ್ಲದಿದ್ದರೆ ಮುಂದಿನ ಬೋರ್ಡಿನವನು ತನಗೆ ತೋಚಿದಂತೆ ಹಾಕುತ್ತಾನೆ.

ಒಪ್ಪುವ ಮೊದಲು ಕಪ್ಪಿನ ಲೋಗೋವನ್ನು ಒಂದೂವರೆ ಸೆಂಟಿಮೀಟರ್ ಅಗಲದಲ್ಲಿ ಮಾಮೂಲಿ ಲೇಸರ್ ಪ್ರಿಂಟರಿನಲ್ಲಿ ತೆಗೆಸಿ, ಮನೆಯಲ್ಲಿ ಲೋಗೋ ಮೊದಲೇ ನೋಡಿರದ ಒಬ್ಬರಿಗೆ ತೋರಿಸಿ. ಇದು ಏನು ಅಂತ ಅವರು ಹೇಳಲಾರದೆ ಹೋದರೆ ತೊಂದರೆ ಆಕಾರದಲ್ಲಿದೆ, ಗ್ರೇಡಿಯಂಟ್ ಅದನ್ನು ರಿಪೇರಿ ಮಾಡುವುದಿಲ್ಲ.

ಟ್ರೇಡ್‌ಮಾರ್ಕ್ ಮಾಡಿಸುವವರಿಗೆ ಕಪ್ಪಿನ ಲೋಗೋದ ಉಪಯೋಗ ಇನ್ನೊಂದಿದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 10ನೇ ಕಲಮಿನ ಪ್ರಕಾರ, ಬಣ್ಣದ ಮಿತಿ ಹಾಕಿಕೊಳ್ಳದೆ ನೋಂದಾಯಿಸಿದ ಗುರುತು ಎಲ್ಲ ಬಣ್ಣಗಳಿಗೂ ನೋಂದಾಯಿತ ಅಂತಲೇ ಲೆಕ್ಕ. ಇವತ್ತಿನ ಗ್ರೇಡಿಯಂಟ್ ನಾಲ್ಕು ವರ್ಷ ಬಿಟ್ಟು ಬದಲಿಸಿದರೂ ಹೊಸ ಅರ್ಜಿ ಹಾಕುವ ಗೋಜು ಇರುವುದಿಲ್ಲ. ಗ್ರೇಡಿಯಂಟ್ ಬಣ್ಣಗಳೇ ನಿಮ್ಮ ಗುರುತು ಅನ್ನುವಂತಿದ್ದರೆ ಮಾತ್ರ ಬಣ್ಣದಲ್ಲಿ ಹಾಕುವ ಬಗ್ಗೆ ಏಜೆಂಟರ ಹತ್ತಿರ ಮಾತಾಡಿ. ಹೋಟೆಲಿಗೆ 43ನೇ ವರ್ಗ, ಮಸಾಲೆ ಪುಡಿಗೆ 30ನೇ ವರ್ಗ. ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳು ಮತ್ತು ಸಣ್ಣ ಉದ್ದಿಮೆಗಳಿಗೆ ಒಂದು ವರ್ಗಕ್ಕೆ 4500 ರೂಪಾಯಿ, ಉಳಿದವರಿಗೆ 9000. ನೋಂದಣಿಯ ಮುಖ್ಯ ಕಚೇರಿ ಮುಂಬಯಿಯಲ್ಲೇ, ಮಾಟುಂಗಕ್ಕೆ ಹತ್ತಿರದ ಆಂಟಾಪ್ ಹಿಲ್‌ನಲ್ಲಿದೆ.